ಕರೆಯದೆ ಹೋಗುತ್ತಿದ್ದ ಶಾಮಿಯಾನ

ನಮ್ಮಪ್ಪನಿಗೆ ಮಾರ್ಕೆಟಿಂಗ್ ಎಂದರೆ ಏನೆಂದೇ ಗೊತ್ತಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಬರೀ ನಂಬಿದ್ದರೆ ಪರವಾಗಿಲ್ಲ, ಅವರೆದುರಿಗೇ ಬಾಯಿ ಬಿಟ್ಟು ಹೇಳುತ್ತಲೂ ಇದ್ದೆ. ಸಂಜೆ ಕಾಲೇಜಿನಲ್ಲಿ ವ್ಯಾಪಾರ ನಿರ್ವಹಣೆ ಓದಿ, ಊರಿನ ಒಂದು ದೊಡ್ಡ ಹೋಟೆಲಿನಲ್ಲಿ ಆರು ವರ್ಷ ಮದುವೆ, ನಾಮಕರಣ, ಕಂಪನಿ ಮೀಟಿಂಗುಗಳಿಗೆ ಹಾಲ್ ಹೊಂದಿಸಿಕೊಡುವ ಕೆಲಸ ಮಾಡಿದವಳು ನಾನು. ಕೈಯಲ್ಲೊಂದು ಲ್ಯಾಪ್‌ಟಾಪು, ಬಾಯಲ್ಲಿ ನಾಲ್ಕು ಪದ ಇದ್ದರೆ ಹೆತ್ತವರಿಗೇ ಬುದ್ಧಿ ಹೇಳುವ ಚಪಲ ಹತ್ತಿಬಿಡುತ್ತದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು ಕಣವ್ವ, ನೀ ಓದ್ದೋಳು" ಎಂದು ಬೀಡಿ ಹಚ್ಚುತ್ತಿದ್ದರು. ಅದು ಹೊಗಳಿಕೆಯೋ ಕುಚೋದ್ಯವೋ ಇವತ್ತಿಗೂ ನನಗೆ ತಿಳಿಯದು.

ಅಪ್ಪನದು ಶಾಮಿಯಾನದ ಅಂಗಡಿ. ಕೃಷ್ಣಮೂರ್ತಿಪುರಂನ ಒಂದು ಅಡ್ಡರಸ್ತೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದ ಓಣಿಯಲ್ಲಿ ಗಳ, ಹಗ್ಗ, ಕುರ್ಚಿ, ಸುತ್ತಿಟ್ಟ ಬಟ್ಟೆ. ವರುಣದ ಕಡೆಯ ಹಳ್ಳಿಯಿಂದ ಹೊಲ ಬಿಟ್ಟು ಬಂದವರು ಮೊದಲು ಇನ್ನೊಬ್ಬರ ಶಾಮಿಯಾನ ಕಟ್ಟುವ ಕೂಲಿ ಮಾಡಿ, ಆಮೇಲೆ ಸ್ವಂತದ್ದು ಮಾಡಿಕೊಂಡಿದ್ದರು. ನನಗೆ ನೆನಪಿರುವ ಹಾಗೆ ನಮ್ಮ ಅಂಗಡಿಗೆ ಯಾವತ್ತೂ ಒಂದು ಜಾಹೀರಾತು ಕೊಟ್ಟಿದ್ದಿಲ್ಲ. ಬೋರ್ಡು ಕೂಡ ಅರ್ಧ ಅಳಿಸಿ ಹೋಗಿತ್ತು. ಹಾಗಿದ್ದರೂ ಮಾಘ, ವೈಶಾಖ ಬಂತೆಂದರೆ ನಮ್ಮ ಓಣಿಯಲ್ಲಿ ಒಂದು ಗಳವೂ ಉಳಿಯುತ್ತಿರಲಿಲ್ಲ, ಎಲ್ಲ ಮದುವೆ ಮನೆಗಳಲ್ಲೇ ಇರುತ್ತಿದ್ದವು.

ಅದರ ಗುಟ್ಟು ಸಾವಿನ ಮನೆಯಲ್ಲಿತ್ತು.

ಚಾಮರಾಜಪುರಂನಿಂದ ಹಿಡಿದು ಬನ್ನಿಮಂಟಪದವರೆಗೆ ಅಪ್ಪನಿಗೆ ಪರಿಚಯವಿದ್ದ ಯಾವ ಮನೆಯಲ್ಲಿ ಸಾವಾದರೂ ಅವರು ಕರೆಸಿಕೊಳ್ಳದೆ ಹೋಗುತ್ತಿದ್ದರು. ಬಿಳಿ ಬಟ್ಟೆಯ ಒಂದು ಶಾಮಿಯಾನ, ಒಂದಷ್ಟು ಹಳೆಯ ಕಬ್ಬಿಣದ ಕುರ್ಚಿ ಇದಕ್ಕೆಂದೇ ಬೇರೆ ಇದ್ದವು. ಅವನ್ನು ಮದುವೆಗೆ ಮುಟ್ಟುತ್ತಿರಲಿಲ್ಲ. ಹೆಣ ಹೊರಗೆ ತರುವುದರೊಳಗೆ ಬೀದಿಯಲ್ಲಿ ನೆರಳಾಗಿರಬೇಕು, ಅಷ್ಟೇ ಅವರ ಹಟ. ಸಾವಿನ ಸುದ್ದಿ ಮುಟ್ಟಿಸಲು ಬರುತ್ತಿದ್ದ ಫೋನ್ ಕರೆಗಳಿಗೂ ಒಂದು ರೀತಿ ಇತ್ತು. ಯಾರೂ ಶಾಮಿಯಾನ ಕಳಿಸಿ ಎನ್ನುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕುರ್ಚಿ ಎಷ್ಟು, ಬಟ್ಟೆ ಎಷ್ಟು ಎಂದು ಕೇಳಲು ಯಾರಿಗೆ ಬಾಯಿ ಬಂದೀತು? "ಅಣ್ಣ, ಇಂಗಾಯ್ತು" ಎನ್ನುತ್ತಿದ್ದರು. ಇಲ್ಲವೇ, "ಅವ್ವ ಓಗ್ಬುಟ್ರು". ತಮ್ಮ ಹೆಸರನ್ನೂ ಹೇಳುತ್ತಿರಲಿಲ್ಲ. ಅಪ್ಪ ದನಿಯಲ್ಲೇ ಮನೆ ಗುರುತು ಹಿಡಿದು, "ಬಂದೆ" ಎಂದು ಫೋನ್ ಇಟ್ಟು, ಗಾಡಿಗೆ ಗಳ ಏರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಹೋಗಿ ಬರುತ್ತೇನೆ ಅನ್ನದೆ ಸುಮ್ಮನೆ ಎದ್ದು ಬರುತ್ತಿದ್ದರು. ಸಾವಿನ ಮನೆಯಿಂದ ಹಾಗೆ ಹೇಳಿ ಬರಬಾರದಲ್ಲ.

"ಸಾವಿಗೆ ಕರೀದೆ ಓಗ್ಬೇಕು, ಮದ್ವೆಗೆ ಕರುದ್ರೆ ಓಗ್ಬೇಕು. ಸಾವಿಗೆ ಓದೋನ್ನ ಮದ್ವೆಗೆ ಕರೀದೆ ಇರ್ತಾರಾ?" ಎನ್ನುವುದು ಅಪ್ಪನ ಮಾತು. ನಾನು ಓದಿದ ಪುಸ್ತಕಗಳಲ್ಲಿ ಗಿರಾಕಿಯ ನಂಬಿಕೆ ಗಳಿಸುವುದರ ಬಗ್ಗೆ ದೊಡ್ಡ ದೊಡ್ಡ ಅಧ್ಯಾಯಗಳಿದ್ದವು. ಅಪ್ಪ ಅದನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದರು. ನನ್ನ ತಲೆಗೆ ಹೋಗಬೇಕಲ್ಲ!

ಆ ಶಾಮಿಯಾನಗಳನ್ನೆಲ್ಲ ಹೊಲಿಯುತ್ತಿದ್ದವರು ಅಪ್ಪನ ಗೆಳೆಯರು. ಬನ್ನಿಮಂಟಪದ ಹಿಂದಿನ ಬೀದಿಯಲ್ಲಿ ಅವರ ಮನೆ. ಇಬ್ಬರೂ ಒಂದೇ ಊರಿನವರು, ಒಂದೇ ಬಸ್ಸಿನಲ್ಲಿ ಮೈಸೂರಿಗೆ ಬಂದವರು. ಜಾತಿ ಮಾತ್ರ ಬೇರೆ. ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡು, ಬೀದಿಯ ತುಂಬ ಬಟ್ಟೆ ಹರಡಿಕೊಂಡು, ಅಂಚಿಗೆ ಹಗ್ಗ ಕೊಟ್ಟು ಎರಡು ಸಾಲು ಹೊಲಿಗೆ ಹಾಕುತ್ತಿದ್ದರು. ಅವರ ಹೆಂಡತಿಗೆ ಅಣ್ಣತಮ್ಮಂದಿರಿಲ್ಲ, ತವರಿನಲ್ಲಿ ಬಾಗಿಲು ತೆಗೆಯುವವರೇ ಇರಲಿಲ್ಲ. ಮದುವೆಯಾಗಿ ಬಂದ ವರ್ಷ ಗೌರಿ ಹಬ್ಬದ ದಿನ ಆಕೆ ಒಲೆ ಮುಂದೆ ಕೂತು ಅಳುತ್ತಿದ್ದುದನ್ನು ನೋಡಿ ಅಪ್ಪ ಒಂದು ಸೀರೆ ತಂದುಕೊಟ್ಟರಂತೆ. ಅಲ್ಲಿಂದ ಪ್ರತಿ ಗೌರಿ ಹಬ್ಬಕ್ಕೂ ನಮ್ಮ ಮನೆಯಿಂದ ಆಕೆಗೆ ತವರಿನ ಸೀರೆ ಹೋಗುತ್ತಿತ್ತು. ಹಾಗಾಗಿ ಆಕೆ ನನಗೆ ಅತ್ತೆ, ಅವರು ಮಾವ. ನನ್ನ ಅಮ್ಮ ತೀರಿಕೊಂಡ ಮೇಲೆ ಸೀರೆ ಆರಿಸುವ ಕೆಲಸ ನನ್ನದಾಯಿತು. ಪ್ರತಿ ಸಲವೂ ಅತ್ತೆ ಅದನ್ನು ಬೀದಿಯವರಿಗೆಲ್ಲ ತೋರಿಸಿ, "ನಮ್ಮಣ್ಣನ ಮನೇದು" ಎನ್ನುತ್ತಿದ್ದರು.

ಕಾಲ ಬದಲಾಗಿದ್ದು ನಮ್ಮ ಕಣ್ಣೆದುರಿಗೇ. ರಿಂಗ್ ರೋಡಿನ ಆಚೆಗೆ ಒಂದರ ಹಿಂದೊಂದು ಕನ್ವೆನ್ಷನ್ ಹಾಲ್ ಎದ್ದವು. ಅಲ್ಲಿ ಕುರ್ಚಿ, ಹೂವು, ದೀಪ, ವೇದಿಕೆ ಎಲ್ಲ ಹಾಲಿನ ಜೊತೆಗೇ ಬರುತ್ತಿತ್ತು. ಮನೆ ಮುಂದೆ ಚಪ್ಪರ ಹಾಕಿಸುವವರು ಶಾಸ್ತ್ರಕ್ಕೆ ನಾಲ್ಕು ಗಳ ಸಾಕು ಎನ್ನತೊಡಗಿದರು. ಅದರ ಮೇಲೆ ಕೊರೊನಾ ಬಂದು ಒಂದು ವರ್ಷ ಮದುವೆಯೇ ಇಲ್ಲದ ಹಾಗಾಯಿತು. ಹೋಟೆಲಿನವರು ನನ್ನನ್ನು ಮನೆಗೆ ಕಳಿಸಿದರು. ಅಪ್ಪನ ಶಾಮಿಯಾನದ ಬಟ್ಟೆಗಳಿಗೆ ಇಲಿ ಬೀಳುತ್ತಿದ್ದವು. ಆಗ ನಾನು ಸೀರೆ ಸೆರಗು ಸಿಕ್ಕಿಸಿ ನಿಂತು, "ಅಪ್ಪಾ, ಇನ್ನು ಅಂಗಡಿ ನಾನು ನೋಡ್ಕೋತೀನಿ" ಎಂದೆ. ಅಂಗಡಿ ಉಳಿಯಬೇಕಾದರೆ ಅದೊಂದೇ ದಾರಿ ಎಂದು ನನಗೆ ಖಚಿತವಿತ್ತು. ಈಗಲೂ ಇದೆ, ಅದೇ ನನ್ನ ಸಂಕಟ.

ಹೋಟೆಲಿನಲ್ಲಿದ್ದಾಗ ಪರಿಚಯವಿದ್ದ ಒಬ್ಬಾಕೆ ದೊಡ್ಡ ಮದುವೆಗಳ ಉಸ್ತುವಾರಿ ಮಾಡುತ್ತಿದ್ದಳು. ಅವಳ ಹತ್ತಿರ ಹೋದೆ. ಹಾಲಿನವರ ಅಲಂಕಾರ ಎಲ್ಲರಿಗೂ ಒಂದೇ ಥರ, ಬೇರೆ ಥರ ಬೇಕೆನ್ನುವ ಜನ ಇದ್ದಾರೆ, ಅವರನ್ನು ಹಿಡಿಯೋಣ ಎಂದೆ. ಅವಳು ಒಪ್ಪಿದಳು. ಆದರೆ ನಮ್ಮ ಓಣಿಗೆ ಬಂದು ಕುರ್ಚಿ, ಬಟ್ಟೆ ನೋಡಿ ಒಂದು ಮಾತು ಕೇಳಿದಳು.

"ಇವು ಸಾವಿನ ಮನೆಗೂ ಹೋಗ್ತಾವಾ?"

"ಇಲ್ಲ, ಅದಕ್ಕೆ ಬೇರೆ ಇವೆ" ಎಂದೆ.

"ಬೇರೆ ಇದ್ರೂ ಒಂದೇ ಗಾಡಿ ತಾನೇ? ಒಂದೇ ಅಂಗಡಿ ತಾನೇ? ಹುಡುಗಿ ಕಡೆಯವರಿಗೆ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ ಕಣೇ. ಅದನ್ನ ನಿಲ್ಸು, ಆಮೇಲೆ ಮಾತಾಡೋಣ" ಎಂದಳು.

ನಾನು ಎರಡು ದಿನ ಯೋಚಿಸಿದೆ. ಮೂರನೇ ದಿನ ಅಪ್ಪನೆದುರು ಲ್ಯಾಪ್‌ಟಾಪ್ ತೆರೆದು ಕೂತೆ. ಎಲ್ಲರಿಗೂ ಎಲ್ಲವನ್ನೂ ಮಾಡಲು ಹೊರಟರೆ ಯಾರಿಗೂ ನೆನಪಿರುವುದಿಲ್ಲ. ನಾವು ಯಾರು ಎನ್ನುವುದಕ್ಕಿಂತ ನಾವು ಯಾರಲ್ಲ ಎನ್ನುವುದು ಮುಖ್ಯ. ಹೀಗೆ ಏನೇನೋ ಹೇಳಿದೆ. ಬಿಡುವುದನ್ನು ಬಿಟ್ಟರೇ ಹಿಡಿಯುವುದು ಸಿಗುವುದು ಎಂದೆ. ಅಪ್ಪ ಬೀಡಿ ಹಚ್ಚಲಿಲ್ಲ.

"ಸಾವಿನ ಮನೇದು ಬುಡ್ಬೇಕು ಅಂತೀಯ?"

"ಹೂಂ ಅಪ್ಪ."

"ನಾನು ಬುಡ್ತೀನಿ ಕಣವ್ವ. ಜನಕ್ಕೆ ಯಾರು ಯೋಳೋರು?"

"ನಾನು ಹೇಳ್ತೀನಿ" ಎಂದೆ. ಎಷ್ಟು ಸಲೀಸಾಗಿ ಹೇಳಿದೆ ನೋಡಿ. ನಾಲಿಗೆಗೆ ಮೂಳೆಯಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ.

ಬಿಳಿ ಬಟ್ಟೆಗಳನ್ನೂ ಕಬ್ಬಿಣದ ಕುರ್ಚಿಗಳನ್ನೂ ಬನ್ನಿಮಂಟಪದ ಕಡೆಯ ಇನ್ನೊಬ್ಬ ಶಾಮಿಯಾನದವನಿಗೆ ಮಾರಿದೆವು. ಗಾಡಿಗೆ ಏರಿಸುವ ಮುಂಚೆ ಅಪ್ಪ ಆ ಬಟ್ಟೆಗಳನ್ನು ಬಿಚ್ಚಿ, ಮತ್ತೆ ತಾವೇ ಸರಿಯಾಗಿ ಮಡಿಸಿ ಕೊಟ್ಟರು. ಹೊಸ ಬಟ್ಟೆ ಹೊರಗಿನಿಂದ ಸಿದ್ಧವಾಗಿಯೇ ಬಂತು, ಮಿಂಚುವ ಸ್ಯಾಟಿನ್ನು. ಮಾವನಿಗೆ ಹೊಲಿಯಲು ಕೆಲಸ ಉಳಿಯಲಿಲ್ಲ. ಅವರು ಒಂದು ಕೊಂಕು ಮಾತೂ ಆಡಲಿಲ್ಲ, "ಕಣ್ಣೂ ಕಾಣಾಕಿಲ್ಲ ಬುಡು ಮಗಾ, ಒಳ್ಳೇದಾಯ್ತು" ಎಂದರು. ನಾನು ಅದನ್ನು ನಿಜವೆಂದೇ ನಂಬಿ ಆಟೋ ಹತ್ತಿ ಬಂದೆ.

ಅಂಗಡಿಯ ಹೆಸರಿಗೆ ಹೊಸ ಅಕ್ಷರ ಬರೆಸಿದೆ. ಕೆಳಗೆ "ನಿಮ್ಮ ಸಂಭ್ರಮ, ನಮ್ಮ ಹೊಣೆ" ಎಂದು ಹಾಕಿಸಿದೆ. ಮಂಟಪಗಳ ಫೋಟೋ ತೆಗೆದು ಫೋನಿನಲ್ಲಿ ಊರಿಗೆಲ್ಲ ಹಂಚಿದೆ. ಅಪ್ಪ ಮೊಬೈಲ್ ಇಟ್ಟುಕೊಂಡವರಲ್ಲ. ಅಂಗಡಿಯ ನಂಬರೇ ಅವರ ನಂಬರು, ಅದು ಅರ್ಧ ಊರಿಗೆ ಬಾಯಿಪಾಠ. ಅದನ್ನು ನನ್ನ ಮೊಬೈಲಿಗೆ ಬದಲಾಯಿಸಿಕೊಂಡು, ಫೋನ್ ತೆಗೆದ ಕೂಡಲೇ ಏನು ಹೇಳಬೇಕೆಂದು ಒಂದು ಕಾಗದದಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟೆ. "ನಮಸ್ಕಾರ, ನಿಮ್ಮ ಮನೆಯ ಸಂಭ್ರಮಕ್ಕೆ ಶುಭಾಶಯ. ಯಾವ ದಿನಕ್ಕೆ ಬೇಕಿತ್ತು?" ಸಾವಿನ ಮನೆಯವರು ಫೋನ್ ಮಾಡಿದರೆ ಹೇಳಬೇಕಾದದ್ದೂ ಅದರ ಕೆಳಗೇ ಇತ್ತು: "ಕ್ಷಮಿಸಿ, ಆ ಕೆಲಸ ಈಗ ನಿಲ್ಲಿಸಿದ್ದೀವಿ. ಬೇರೆಯವರ ನಂಬರ್ ಕೊಡಲಾ?" ಮೊದಮೊದಲು ವಾರಕ್ಕೆ ಎರಡು ಮೂರು ಅಂಥ ಕರೆ ಬರುತ್ತಿದ್ದವು. ಹೇಳುವಾಗ ಕಾಗದದ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಆರು ತಿಂಗಳಲ್ಲಿ ಅಭ್ಯಾಸವಾಯಿತು, ಕರೆಗಳೂ ಕಡಿಮೆಯಾದವು.

ವ್ಯಾಪಾರ ಚಿಗುರಿತು, ಸುಳ್ಳು ಹೇಳುವುದಿಲ್ಲ. ಒಂದು ಮದುವೆಯಿಂದ ಎರಡು, ಎರಡರಿಂದ ನಾಲ್ಕು. ಅಪ್ಪ ಬೆಳಗ್ಗೆ ಮದುವೆಯ ಹಾಲ್‌ಗೆ ಹೋಗಿ ಹುಡುಗರ ಮೇಲೆ ಕಣ್ಣಿಡುತ್ತಿದ್ದರು. ಆದರೆ ಅವರು ಟೀ ಅಂಗಡಿಯ ಮುಂದೆ ನಿಲ್ಲುವುದನ್ನು ಬಿಟ್ಟಿದ್ದರು. ಮೊದಲೆಲ್ಲ ಅಲ್ಲಿ ನಿಂತರೆ ದಾರಿಹೋಕರು, "ಅಣ್ಣ, ಇಂಥೋರಿಗೆ ಬಾಳ ಸೀರಿಯಸ್ಸಂತೆ" ಎಂದು ಹೇಳಿ ಹೋಗುತ್ತಿದ್ದರು. ಈಗ ಯಾರೂ ಏನೂ ಹೇಳುತ್ತಿರಲಿಲ್ಲ. ಯಾರು ಹುಟ್ಟಿದರು, ಯಾರು ಹೋದರು ಎನ್ನುವುದು ಅವರಿಗೆ ತಿಳಿಯದೇ ಹೋಗುತ್ತಿತ್ತು.

ಮೂರು ವರ್ಷದ ಹಿಂದೆ, ಒಂದು ಮಾಘ ಮಾಸದ ಮಧ್ಯಾಹ್ನ. ಅಪ್ಪ ನಂಜನಗೂಡು ರಸ್ತೆಯ ಹಾಲಿಗೆ ಹೋಗಿದ್ದರು. ನನ್ನೆದುರು ಒಬ್ಬ ಮದುಮಗಳ ತಾಯಿ ಕೂತು ಮಂಟಪದ ಫೋಟೋಗಳನ್ನು ತಿರುವುತ್ತಿದ್ದರು. ದೊಡ್ಡ ಮದುವೆ, ಎರಡು ದಿನದ್ದು. ಅವರನ್ನು ಒಪ್ಪಿಸಲು ನಾನು ಬೆಳಗ್ಗಿನಿಂದ ಬೆವರು ಸುರಿಸುತ್ತಿದ್ದೆ. ಅಷ್ಟರಲ್ಲಿ ಫೋನ್ ಬಂತು, ಗೊತ್ತಿಲ್ಲದ ನಂಬರು. "ನಮಸ್ಕಾರ, ನಿಮ್ಮ ಮನೆಯ ಸಂಭ್ರಮಕ್ಕೆ ಶುಭಾಶಯ. ಯಾವ ದಿನಕ್ಕೆ ಬೇಕಿತ್ತು?" ಎಂದೆ.

ಆ ಕಡೆಯಿಂದ ಒಂದು ಗಂಡಸಿನ ದನಿ, "ಅಪ್ಪ ಓಗ್ಬುಟ್ರು... ಅಂಗೇ ಯಜಮಾನ್ರಿಗೊಂದು ಮಾತು..." ಎಂದಿತು.

ಎದುರಿಗೆ ಕೂತ ತಾಯಿಗೆ ಕೇಳಿಸೀತೆಂದು ನನಗೆ ಜೀವ ಹಾರಿತು. ಮದುವೆ ಮಾತಿನ ನಡುವೆ ಸಾವಿನ ಸುದ್ದಿ! ಫೋನನ್ನು ಕಿವಿಗೆ ಒತ್ತಿ ಹಿಡಿದು, ಅವರ ಮಾತು ಮುಗಿಯಲೂ ಬಿಡದೆ, ಮುಖದ ಮೇಲಿನ ನಗೆ ಕದಲದ ಹಾಗೆ, "ಕ್ಷಮಿಸಿ, ಆ ಕೆಲಸ ಈಗ ನಿಲ್ಲಿಸಿದ್ದೀವಿ. ಬೇರೆಯವರ ನಂಬರ್ ಕೊಡಲಾ?" ಎಂದೆ.

"ಬ್ಯಾಡ, ಬುಡಿ" ಎಂದು ಆ ದನಿ ಫೋನ್ ಇಟ್ಟಿತು.

"ಯಾರು?" ಎಂದು ಮದುಮಗಳ ತಾಯಿ ಕೇಳಿದರು. "ರಾಂಗ್ ನಂಬರ್" ಎಂದೆ. ಅವರು ಬಿಳಿ ಸೇವಂತಿಗೆಯ ಮಂಟಪವನ್ನು ಒಪ್ಪಿಕೊಂಡರು.

ಮೂರನೇ ದಿನ ಬೆಳಗ್ಗೆ ಅಪ್ಪ ಹೂವಿನ ಮಾರ್ಕೆಟ್ಟಿಗೆ ಹೋದಾಗ ಒಬ್ಬ ಹಳೆಯ ವ್ಯಾಪಾರಿ, "ಏನಣ್ಣ, ನಿಮ್ ಟೈಲರ್ ಹಾಲುತುಪ್ಪಕ್ಕೆ ಓಗ್ನಿಲ್ವಾ?" ಎಂದನಂತೆ. ಹಾಲುತುಪ್ಪವೆಂದರೆ ಸತ್ತ ಮೂರನೇ ದಿನ ಸಮಾಧಿಗೆ ಹಾಲು, ತುಪ್ಪ ಬಿಡುವ ಶಾಸ್ತ್ರ. ಅಪ್ಪ ಹೂವಿನ ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಬಂದರು. ಬಾಗಿಲಲ್ಲಿ ನಿಂತು, "ಅವ್ನು ಓಗ್ಬುಟ್ನಂತೆ ಕಣವ್ವ" ಎಂದರು. ಅವರ ಬಾಯಿ ಒಂದು ಕಡೆಗೆ ಎಳೆದುಕೊಂಡಂತೆ ಆಗಿತ್ತು. ನಾನು ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಬನ್ನಿಮಂಟಪಕ್ಕೆ ಹೋದೆ. ಆಟೋದಲ್ಲಿ ಕೂಡ ನನಗೆ ಆ ಫೋನ್ ನೆನಪಾಗಲಿಲ್ಲ. ದೇವರಾಣೆ, ನೆನಪಾಗಲಿಲ್ಲ.

ಮಾವನ ಮನೆ ಮುಂದೆ ಶಾಮಿಯಾನ ಹಾಕಿತ್ತು. ಅಪ್ಪ ಆಟೋದಿಂದ ಇಳಿದವರು ಮನೆಯೊಳಗೆ ಹೋಗದೆ ಅದರ ಕೆಳಗೇ ನಿಂತರು. ತಲೆಯೆತ್ತಿ ನೋಡಿದರು. ಕೈ ಎತ್ತಿ ಅಂಚಿನ ಹೊಲಿಗೆಯನ್ನು ಹಿಡಿದು ನೋಡಿದರು. ಹಗ್ಗದ ಪಕ್ಕದಲ್ಲಿ ಎರಡು ಸಾಲು ಹೊಲಿಗೆ. ನಾವು ಮಾರಿದ ಬಟ್ಟೆ ಅದು. ಮಾವ ಹೊಲಿದ ಬಟ್ಟೆ. ಅದರ ಕೆಳಗೇ ಅವರನ್ನು ಮಲಗಿಸಿದ್ದರು, ಕಟ್ಟಿದವರು ಮಾತ್ರ ಬೇರೆ.

ಅತ್ತೆ ಒಳಗಿನಿಂದ ಬಂದರು. ಅಪ್ಪ ಸಾವಿನ ಮನೆಯಲ್ಲಿ ಯಾವತ್ತೂ ದನಿ ಏರಿಸಿದವರಲ್ಲ. ಅವತ್ತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

"ನಂಗೊಂದು ಮಾತು ಯೋಳಬಾರ್ದಾಗಿತ್ತಾ? ಊರೋರ ಹೆಣಕ್ಕೆಲ್ಲ ನೆಳ್ಳು ಮಾಡ್ದೋನು ನಾನು. ಅವನ ಮುಖ ನೋಡ್ದಂಗೆ ಮಾಡ್ಬುಟ್ರಲ್ಲ! ಒಂದು ಫೋನ್ ಮಾಡಕ್ಕೆ ನಿಮ್ಗೇನು ಬಂದಿತ್ತು?"

ಅತ್ತೆಯ ಮಗ ಬಾಗಿಲ ಹತ್ತಿರ ನಿಂತಿದ್ದ. ಹಾಸನದಲ್ಲಿ ಬಸ್ ಓಡಿಸುತ್ತಿದ್ದವನು; ನಾನು ಅವನ ದನಿ ಕೇಳಿ ಎಷ್ಟೋ ವರ್ಷವಾಗಿತ್ತು. ಅವನು ಬಾಯಿ ತೆರೆಯಲು ಹೋದ. ಅತ್ತೆ ಅವನ ತೋಳು ಹಿಡಿದರು. ನನ್ನ ಕಡೆ ಒಂದು ಸಲ ನೋಡಿದರು, ಒಂದೇ ಸಲ. ಆಮೇಲೆ ಅಪ್ಪನಿಗೆ, "ಗಡಿಬಿಡೀಲಿ ಮರ್ತ್‌ಬುಟ್ವಿ ಕಣಣ್ಣ. ತಪ್ಪಾಯ್ತು" ಎಂದರು.

ಆ ನೋಟದಲ್ಲಿ ನನಗೆ ಎಲ್ಲ ಗೊತ್ತಾಯಿತು. ಬ್ಯಾಡ, ಬುಡಿ ಎಂದ ದನಿ ಗೊತ್ತಾಯಿತು. ಅವನು ಶಾಮಿಯಾನ ಕೇಳಲು ಫೋನ್ ಮಾಡಿರಲಿಲ್ಲ. ಗೆಳೆಯನಿಗೆ ಸುದ್ದಿ ಮುಟ್ಟಿಸಲು ಮಾಡಿದ್ದ, ನಮ್ಮ ಜನ ಮಾಡುವ ಹಾಗೆ, ಹೆಸರು ಹೇಳದೆ. ಅಂಥ ಉತ್ತರ ಕೇಳಿದ ಮೇಲೆ ಯಾರು ತಾನೇ ಮತ್ತೆ ಆಳು ಕಳಿಸಿ ಕರೆಯುತ್ತಾರೆ? ಗಂಡನನ್ನು ಕಳೆದುಕೊಂಡು ಮೂರು ದಿನವಾದ ಹೆಂಗಸು, ನಾನು ಅಪ್ಪನ ಎದುರು ಸಣ್ಣವಳಾಗಬಾರದೆಂದು ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ನಿಂತಿದ್ದರು. ಆಗ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನೆಲ ನೋಡುತ್ತ ನಿಂತೆ. ಥೂ ನನ್ನ ಜನ್ಮಕ್ಕೆ.

"ಮರ್ತ್ರಾ? ನನ್ನ ಮರ್ತ್ರಾ?" ಎಂದು ಅಪ್ಪ ಎರಡು ಸಲ ಕೇಳಿ ಆಟೋ ಹತ್ತಿದರು.

ಆ ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. "ಅಪ್ಪ, ಅತ್ತೆಗೆ ಸೀರೆ ತರಬೇಕಲ್ಲ" ಎಂದೆ, ದನಿ ಸಣ್ಣದು ಮಾಡಿಕೊಂಡು. "ಮರ್ತೋರಿಗೆ ಎಂಥ ತವರು? ಬುಡು" ಎಂದರು. ನಾನು ಬಿಟ್ಟೆ. ಗಂಡ ಸತ್ತ ವರ್ಷವೇ ತವರಿನ ಸೀರೆ ನಿಂತರೆ ಬೀದಿಯವರು ಏನೆನ್ನುತ್ತಾರೆ, ಆ ಹೆಂಗಸು ಏನೆಂದುಕೊಳ್ಳುತ್ತಾಳೆ ಎಂದು ಗೊತ್ತಿಲ್ಲದ ಹಾಗೆ ಬಿಟ್ಟೆ. ಅರಿಶಿನ ಕುಂಕುಮ ಹೋದವಳು ಎಂದು ಅಣ್ಣನೂ ಕೈಬಿಟ್ಟ, ಇನ್ನೇನು ಅಂದುಕೊಂಡಾರು? ಎರಡನೇ ವರ್ಷವೂ ಸೀರೆ ಹೋಗಲಿಲ್ಲ. ನಾನು ಹಾಲುಗಳಲ್ಲಿ ಮಂಟಪ ಕಟ್ಟಿಸುತ್ತ ಓಡಾಡುತ್ತಿದ್ದೆ. ಕೈತುಂಬ ಕೆಲಸ ಇದ್ದರೆ ಮನಸ್ಸಿಗೆ ಸುಳ್ಳು ಹೇಳುವುದು ಸುಲಭ.

ಈ ಸಲದ ಗೌರಿ ಹಬ್ಬಕ್ಕೆ ಒಂದು ವಾರವಿತ್ತು. ಸಣ್ಣ ವ್ಯಾಪಾರಿಗಳ ಒಂದು ಸಂಘದವರು ನನ್ನನ್ನು ಮಾತಾಡಲು ಕರೆದಿದ್ದರು. ಬದಲಾಗುವ ಮಾರುಕಟ್ಟೆಯಲ್ಲಿ ಹಳೆಯ ಅಂಗಡಿ ಉಳಿಯುವುದು ಹೇಗೆ ಎನ್ನುವುದು ವಿಷಯ. ಪರದೆಯ ಮೇಲೆ ಅಪ್ಪನ ಹಳೆಯ ಬೋರ್ಡು, ಪಕ್ಕದಲ್ಲಿ ನನ್ನ ಹೊಸ ಮಂಟಪ. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ವಯಸ್ಸಾದವರು, ಪಾತ್ರೆಗೆ ಕಲಾಯಿ ಹಾಕುವ ಅಂಗಡಿಯಂತೆ.

"ಎಲ್ಲ ಸರಿ ತಾಯಿ. ನೀವು ಬುಟ್ರಲ್ಲ, ಆ ಗಿರಾಕಿಗಳು ಏನ್ ಮಾಡುದ್ರು?" ಎಂದರು.

ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕಿತ್ತು ಅವರಿಗೆ. ಅವರೂ ಏನನ್ನೋ ಬಿಡುವ ಯೋಚನೆಯಲ್ಲಿದ್ದರೇನೋ. "ಅವರು ಬೇರೆ ಕಡೆ ಹೋದರು" ಎಂದೆ. ಅವರು "ಓಹೋ" ಎಂದು ಕೂತರು. ಮುಂದಿನ ಪ್ರಶ್ನೆಗೆ ಕಾಯದೆ ಮೈಕನ್ನು ಸಂಘದವರ ಕೈಗೆ ಕೊಟ್ಟುಬಿಟ್ಟೆ. ಶಾಲು, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಸಂಜೆ ಮನೆಗೆ ಬಂದೆ. ಅಪ್ಪ ಓಣಿಯಲ್ಲಿ ಸ್ಟೂಲಿನ ಮೇಲೆ ಕೂತು ಹಗ್ಗ ಸುತ್ತುತ್ತಿದ್ದರು. ಹಾರವನ್ನು ಕೂಡ ತೆಗೆಯದೆ ಅವರೆದುರು ನೆಲದ ಮೇಲೆ ಕೂತೆ.

"ಅಪ್ಪ, ಅವರು ಮರೆತಿರಲಿಲ್ಲ. ಫೋನ್ ಮಾಡಿದ್ರು. ನಾನೇ ತಗೊಂಡಿದ್ದು" ಎಂದೆ.

ಎಲ್ಲ ಹೇಳಿದೆ. ಮದುಮಗಳ ತಾಯಿ ಎದುರಿಗಿದ್ದುದು, ಅವನ ಮಾತು ಮುಗಿಯಲು ಬಿಡದಿದ್ದುದು, ರಾಂಗ್ ನಂಬರ್ ಎಂದುದು, ಅತ್ತೆ ನನ್ನನ್ನು ನೋಡಿದ್ದು. ಅಪ್ಪ ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತಿ ಮುಗಿಸಿ, ಗಂಟು ಹಾಕಿ, ಪಕ್ಕಕ್ಕಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೇ ಕೂತಿದ್ದೆ.

"ಆ ಹೈದ ಅಳ್ತಿದ್ನಾ?" ಎಂದು ಕೇಳಿದರು.

"ಏನಪ್ಪ?"

"ಫೋನಲ್ಲಿ. ಅಳ್ತಿದ್ನಾ ಅವ್ನು?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಬಿಳಿ ಸೇವಂತಿಗೆಯ ಮಂಟಪ ನೆನಪಿತ್ತು. ಆ ತಾಯಿಯ ಬಳೆ ನೆನಪಿತ್ತು. ಅವನು ಅಳುತ್ತಿದ್ದನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಕೇಳಿಸಿಕೊಂಡಿರಲೇ ಇಲ್ಲ. "ಗೊತ್ತಾಗಲಿಲ್ಲಪ್ಪ" ಎಂದೆ, ಹೇಳಿ ಅತ್ತುಬಿಟ್ಟೆ.

ಅಪ್ಪ ನನ್ನ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲೆ ಹಾಕಿದರು. "ಅದ್ನೇ ಕಣವ್ವ ಮೊದ್ಲು ಕೇಳುಸ್ಕೋಬೇಕು. ಅಳ್ತಿದ್ರೆ ಇನ್ನೇನೂ ಕೇಳ್ಬಾರ್ದು, ಓಗ್ಬೇಕು ಅಷ್ಟೇಯ" ಎಂದರು. ಹೊಸ ಕೆಲಸಗಾರನಿಗೆ ಗಂಟು ಹಾಕುವುದನ್ನು ಹೇಳಿಕೊಡುವಾಗಿನ ದನಿಯಲ್ಲೇ ಹೇಳಿದರು. ಆಮೇಲೆ ಎದ್ದು ಒಳಗೆ ಹೋದರು. ಬಚ್ಚಲಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಗೌರಿ ಹಬ್ಬದ ಹಿಂದಿನ ದಿನ ಅಪ್ಪನೇ ಸೀರೆ ಆರಿಸಿದರು. ನಾನು ತೋರಿಸಿದ ಯಾವುದನ್ನೂ ಒಪ್ಪದೆ, ಹಸಿರು ಅಂಚಿನ ಮಾಸಲು ಕೆಂಪಿನದೊಂದನ್ನು ತೆಗೆಸಿದರು. ಹಬ್ಬದ ಬೆಳಗ್ಗೆ ಕ್ಷೌರ ಮಾಡಿಸಿಕೊಂಡು, ಒಗೆದ ಪಂಚೆ ಉಟ್ಟು ಹೊರಟರು. "ನಾನೂ ಬರ್ತೀನಪ್ಪ, ಅತ್ತೆ ಕಾಲು ಹಿಡ್ಕೋತೀನಿ" ಎಂದೆ. "ನೀ ಬ್ಯಾಡ. ನೀ ಬಂದ್ರೆ ಅವ್ಳು ನಿನ್ನ ಸಮಾಧಾನ ಮಾಡಕ್ಕೆ ನಿಂತ್ಕೋತಾಳೆ" ಎಂದು ಒಬ್ಬರೇ ಆಟೋ ಹತ್ತಿದರು.

ನಾನು ಅಡಿಗೆ ಮಾಡಿದೆ. ಅತ್ತೆಯನ್ನು ಕರೆದುಕೊಂಡೇ ಬರುತ್ತಾರೇನೋ ಎಂದು ಒಂದು ಎಲೆ ಜಾಸ್ತಿ ತೊಳೆದಿಟ್ಟೆ. ಬಾಗಿಲಿಗೂ ಒಲೆಗೂ ಎಷ್ಟು ಸಲ ಓಡಾಡಿದೆನೋ. ಮಧ್ಯಾಹ್ನ ಅಪ್ಪ ಬಂದರು. ಚೀಲ ಕೈಯಲ್ಲೇ ಇತ್ತು.

"ಅತ್ತೆ ಇರಲಿಲ್ವಾ?"

"ಇದ್ಳು. ಬಾಣ್ಣ ಅಂದ್ಳು. ಕಾಪಿ ಕೊಟ್ಳು." ಅಪ್ಪ ಗೋಡೆಗೆ ಒರಗಿ ಕೂತರು. "ನೀ ಎಲ್ಲ ಯೋಳ್ದೆ ಅಂತ ಅಂದೆ. ಮಗೀನ ಬಯ್ಬ್ಯಾಡ ಕಣಣ್ಣ, ಅದಕ್ಕೇನ್ ಗೊತ್ತು ಅಂದ್ಳು."

"ಮತ್ತೆ ಸೀರೆ?"

ಅಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಅತ್ತೆಯ ಮಾತನ್ನು ಒಂದಕ್ಷರ ತಪ್ಪಿಸದೆ ಒಪ್ಪಿಸಬೇಕು ಎನ್ನುವ ಹಾಗೆ ನಿಧಾನವಾಗಿ ಹೇಳಿದರು.

"ನಂಗೆ ತವರಿಲ್ಲ ಅಂತ ಮನ್ಸಿಗೆ ಯೋಳಿ ಯೋಳಿ ಈಗೊಂಚೂರು ಒಗ್ಗೋಗದೆ ಕಣಣ್ಣ, ಮತ್ತೆ ಆಸೆ ಉಟ್ಟುಸ್ಬ್ಯಾಡ ಅಂದ್ಳು."

ನಾನು ಕೈ ಚಾಚಿದೆ. ಅಪ್ಪ ಚೀಲ ಕೊಡಲಿಲ್ಲ. ಅದನ್ನು ತಲೆಯ ಕೆಳಗಿಟ್ಟುಕೊಂಡು, ಊಟ ಬೇಡವೆಂದು, ಗೋಡೆಯ ಕಡೆ ತಿರುಗಿ ಮಲಗಿದರು.